ಹಿಮದ ಮೇಲೆ ಸೈನಿಕರ ಓಟ

ಮಳೆಗಾಲದಲ್ಲಿ ಮುನವಳ್ಳಿ ಸೀಮೆಯ ಎರೆಹೊಲವನ್ನು ದಾಟಬೇಕಾದವರಿಗೆ ಒಂದು ಪಾಡು ತಪ್ಪಿದ್ದಲ್ಲ. ಇಟ್ಟ ಕಾಲು ಮೊಳಕಾಲುದ್ದ ಹೂತುಹೋಗುತ್ತದೆ. ಅದನ್ನು ಕಿತ್ತು ಮುಂದಿನ ಹೆಜ್ಜೆ ಇಡುವಷ್ಟರಲ್ಲಿ ಕಾಲಿನ ಕೆರವು ಕೆಸರಿನ ಪಾಲಾಗಿರುತ್ತದೆ. ಅದೇ ಕೆಸರಿನ ಮೇಲೆ ಅಗಲವಾದ ಒಂದು ಹಲಗೆಯನ್ನು ಹಾಸಿದರೆ, ಅದೇ ಮನುಷ್ಯನು ಅದರ ಮೇಲೆ ನಿರಾತಂಕವಾಗಿ ನಿಲ್ಲಬಲ್ಲನು. ಇದರಿಂದ ಆತನ ತೂಕವೇನೂ ಕಡಿಮೆಯಾಗಲಿಲ್ಲ. ತೂಕ ಹರಡಿಕೊಳ್ಳುವ ಜಾಗ ಮಾತ್ರ ಹೆಚ್ಚಾಯಿತು.

ಮಲಪ್ರಭೆಯ ದಂಡೆಯ ಹಳ್ಳಿಗನಿಗೆ ತಿಳಿದ ಈ ಸತ್ಯವನ್ನು ಉತ್ತರ ಯುರೋಪಿನ ಹಿಮದ ನಾಡುಗಳ ಜನರು ಸಾವಿರಾರು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ಅವರು ಹಲಗೆಯನ್ನು ನೆಲಕ್ಕೆ ಹಾಸುವ ಬದಲು ಕಾಲಿಗೇ ಕಟ್ಟಿಕೊಂಡರು. ಉದ್ದವಾಗಿ, ತೆಳ್ಳಗೆ, ಮುಂದಿನ ತುದಿ ಮೇಲಕ್ಕೆ ಬಾಗಿರುವ ಈ ಹಲಗೆಗೆ ‘ಸ್ಕೀ’ ಎಂದು ಹೆಸರು. ಬೇಟೆಗಾರರ ಈ ಸಾಧನವು ಮುಂದೆ ಸೈನಿಕರ ಕಾಲನ್ನು ಸೇರಿತು. ಸೈನಿಕರಿಂದ ಪಂದ್ಯದ ಅಂಗಳವನ್ನು ಸೇರಿತು. ಜರ್ಮನಿಯ ಸೈನ್ಯದಲ್ಲಿ ಆ ಪಂದ್ಯಗಳು ಬೆಳೆದ ಕಥೆ ಸ್ವಾರಸ್ಯಕರವಾದುದು, ಎಚ್ಚರಿಕೆಯ ಪಾಠವನ್ನು ಹೇಳುವಂಥದೂ ಹೌದು. ಅದೇ ವಿದ್ಯೆಯನ್ನು ಸ್ವತಂತ್ರ ಭಾರತದ ಸೈನ್ಯದಲ್ಲಿ ನೆಲೆಗೊಳಿಸಿದವರು, ಹಿಮವೇ ಬೀಳದ ಕೊಡಗಿನಲ್ಲಿ ಹುಟ್ಟಿದ ಒಬ್ಬ ದಳಪತಿಗಳು ಎಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ವಿಷಯ.

ಹಲಗೆಯ ಲೆಕ್ಕ

ಮೊದಲು ಸಾಧನದ ಗುಟ್ಟನ್ನು ಅರಿಯೋಣ. 70 ಕಿಲೋಗ್ರಾಂ ತೂಕದ ಸೈನಿಕನು ಬೆನ್ನಿನ ಮೇಲೆ 20 ಕಿಲೋಗ್ರಾಂ ಹೊರೆಯನ್ನು ಹೊತ್ತಿರುವನೆಂದು ಭಾವಿಸಿರಿ. ನಡೆಯುವಾಗ ಒಂದು ಕ್ಷಣ ಇಡೀ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಬೂಟಿನ ಅಡಿಯ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ 450 ಗ್ರಾಂ ಭಾರ ಬೀಳುತ್ತದೆ. ಹೊಸದಾಗಿ ಬಿದ್ದ ಹಿಮವು ಅರಳೆಯಂತೆ ಸಡಿಲವಾದುದು. ಅದು ಇಷ್ಟು ಭಾರವನ್ನು ತಡೆಯಲಾರದೆ ಕುಸಿಯುತ್ತದೆ. ಈಗ ಆ ಕಾಲಿಗೆ 2 ಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಸ್ಕೀಯನ್ನು ಕಟ್ಟಿರಿ. ವಿಸ್ತೀರ್ಣ 1400 ಚದರ ಸೆಂಟಿಮೀಟರಿಗೆ ಏರುತ್ತದೆ. ಭಾರ ಚದರ ಸೆಂಟಿಮೀಟರಿಗೆ ಸುಮಾರು 64 ಗ್ರಾಂಗೆ ಇಳಿಯುತ್ತದೆ, ಎಂದರೆ ಮೊದಲಿನ ಏಳನೆಯ ಒಂದು ಪಾಲು.

ಹೂಳದಿರುವುದು ಒಂದು ಗುಣವಾದರೆ ಜಾರುವುದು ಇನ್ನೊಂದು ಗುಣ. ಹಿಮದ ಮೇಲೆ ಹಲಗೆ ಏಕೆ ಅಷ್ಟು ನಯವಾಗಿ ಜಾರುತ್ತದೆ? ಒತ್ತಡಕ್ಕೆ ಸಿಕ್ಕಿದ ಹಿಮ ಕರಗಿ ನೀರಾಗುತ್ತದೆ, ಆ ನೀರು ಎಣ್ಣೆಯಂತೆ ಕೆಲಸ ಮಾಡುತ್ತದೆ ಎಂದು ಬಹುಕಾಲ ಹೇಳುತ್ತಿದ್ದರು. ಲೆಕ್ಕ ಹಾಕಿದರೆ ಈ ಮಾತು ನಿಲ್ಲುವುದಿಲ್ಲ. ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ಕರಗುವ ಉಷ್ಣತೆ ಇಳಿಯುವುದು ಸುಮಾರು 0.0075 ಡಿಗ್ರಿ ಸೆಂಟಿಗ್ರೇಡ್ ಮಾತ್ರ; ಸ್ಕೀಯ ಒತ್ತಡವಾದರೋ ಒಂದು ವಾಯುಮಂಡಲದ ಸುಮಾರು ಹದಿನಾರನೆಯ ಒಂದು ಪಾಲು. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಪ್ರಯೋಗಗಳನ್ನು ನಡೆಸಿ, ಹಿಮವನ್ನು ಕರಗಿಸುವುದು ಘರ್ಷಣೆಯ ಶಾಖ ಎಂದು ವಾದಿಸಿದರು. ಅಂಗೈಗಳನ್ನು ಉಜ್ಜಿದರೆ ಬೆಚ್ಚಗಾಗುವಂತೆ, ಜಾರುವ ಹಲಗೆಯ ಅಡಿಯಲ್ಲಿ ಹಿಮದ ಕಣಗಳು ಬಿಸಿಯಾಗಿ ಅತಿ ತೆಳುವಾದ ನೀರಿನ ಪೊರೆ ಹುಟ್ಟುತ್ತದೆ. ಚಳಿ ಅತಿಯಾದಾಗ ಈ ಪೊರೆ ಸರಿಯಾಗಿ ಏರ್ಪಡುವುದಿಲ್ಲ. ಆಗ ಹಿಮವು ಹೊಳೆಯ ಮರಳಿನಂತೆ ಹಲಗೆಯನ್ನು ಹಿಡಿದೆಳೆಯುತ್ತದೆ.

ಇಳಿಜಾರಿನಲ್ಲಿ ಜಾರುವ ಹಲಗೆ ಏರಿನಲ್ಲಿ ಹಿಂದಕ್ಕೆ ಜಾರಬಾರದಷ್ಟೆ. ಇದಕ್ಕಾಗಿ ಹಿಂದಿನವರು ಹಲಗೆಯ ಅಡಿಗೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು, ಕೂದಲು ಹಿಮ್ಮುಖವಾಗುವಂತೆ, ಕಟ್ಟುತ್ತಿದ್ದರು. ಗೋದಿಯ ತೆನೆಯ ಮೇಲೆ ಬುಡದಿಂದ ತುದಿಗೆ ಕೈಯಾಡಿಸಿದರೆ ನುಣುಪು, ತುದಿಯಿಂದ ಬುಡಕ್ಕೆ ಆಡಿಸಿದರೆ ಒರಟು. ಆ ಚರ್ಮದ ಕೆಲಸವೂ ಹೀಗೆಯೇ. ಈಗ ಚರ್ಮದ ಬದಲು ಕೃತಕ ನೂಲಿನ ಪಟ್ಟಿಗಳು ಬಂದಿವೆ, ತತ್ತ್ವ ಬದಲಾಗಿಲ್ಲ.

ನಾರ್ವೆಯಿಂದ ಜರ್ಮನಿಗೆ

ಸೈನಿಕರಿಗಾಗಿ ಸ್ಕೀ ಪಂದ್ಯಗಳನ್ನು ಮೊದಲು ನಿಯಮಬದ್ಧವಾಗಿ ಏರ್ಪಡಿಸಿದವರು ನಾರ್ವೆಯವರು. 1767ರಲ್ಲಿ ಅಲ್ಲಿಯ ಗಡಿಕಾವಲಿನ ಪಡೆಗಳಿಗೆ ಬಹುಮಾನಗಳನ್ನು ಗೊತ್ತುಮಾಡಲಾಯಿತು. ಇಳಿಜಾರಿನಲ್ಲಿ ಜಾರುತ್ತಲೇ ಗುರಿಗೆ ಗುಂಡು ಹೊಡೆಯುವುದು, ಮರಗಳ ನಡುವೆ ನುಸುಳುತ್ತ ಇಳಿಯುವುದು, ಕಡಿದಾದ ಗುಡ್ಡದಿಂದ ಬೀಳದೆ ಇಳಿಯುವುದು, ಕೋವಿ ಮತ್ತು ಪೂರ್ಣ ಹೊರೆಯೊಡನೆ ಸಮನೆಲದಲ್ಲಿ ದೂರ ಓಡುವುದು—ಇವು ಅಂದಿನ ಪರೀಕ್ಷೆಗಳು. ಇವುಗಳಲ್ಲಿ ಒಂದೊಂದೂ ಗಡಿಯ ಸಿಪಾಯಿಗೆ ದಿನವೂ ಬೇಕಾದ ಕೆಲಸವೇ ಆಗಿದ್ದುದನ್ನು ಗಮನಿಸಬೇಕು.

ಜರ್ಮನಿಗೆ ಈ ವಿದ್ಯೆ ತಡವಾಗಿ ಬಂದಿತು. 1888ರಲ್ಲಿ ನಾರ್ವೆಯ ಫ್ರಿಜೋಫ್ ನಾನ್ಸೆನ್ ಸ್ಕೀಗಳ ಮೇಲೆ ಗ್ರೀನ್‌ಲ್ಯಾಂಡಿನ ಹಿಮದ ಹಾಸನ್ನು ದಾಟಿದನು. ಆತನ ಪ್ರವಾಸಗ್ರಂಥ ಜರ್ಮನ್ ಭಾಷೆಗೆ ಬಂದ ಬಳಿಕ ಮಧ್ಯ ಯುರೋಪಿನ ತರುಣರಲ್ಲಿ ಸ್ಕೀಯ ಹುಚ್ಚು ಹರಡಿತು. 1890ರ ದಶಕದಲ್ಲಿ ಜರ್ಮನ್ ಸೈನ್ಯದ ಕೆಲವು ತುಕಡಿಗಳೂ ಅದನ್ನು ಪರೀಕ್ಷಿಸಿದವು. ವಿಲ್ಹೆಲ್ಮ್ ಪಾಲ್ಕೆ ಎಂಬ ಭೂವಿಜ್ಞಾನಿ 1897ರಲ್ಲಿ ಸಂಗಡಿಗರೊಡನೆ ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತದ ಉನ್ನತ ಹಿಮನದಿಗಳನ್ನು ಸ್ಕೀಗಳ ಮೇಲೆ ದಾಟಿ, ಚಳಿಗಾಲದಲ್ಲೂ ಆಲ್ಪ್ಸ್ ಪರ್ವತಗಳಲ್ಲಿ ಸಂಚಾರ ಸಾಧ್ಯವೆಂದು ತೋರಿಸಿಕೊಟ್ಟರು. ಸೈನ್ಯಕ್ಕೆ ಸ್ಕೀ ಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು.

ವಾದಕ್ಕೆ ಯುದ್ಧ ಬೆಂಬಲವಿತ್ತಿತು. 1914–15ರ ಚಳಿಗಾಲದಲ್ಲಿ ವೋಜ್ ಬೆಟ್ಟಗಳಲ್ಲಿ ಫ್ರೆಂಚರ ಪರ್ವತಪಡೆಗಳು ಹಿಮದ ಮೇಲೆ ಚುರುಕಾಗಿ ಸಂಚರಿಸುತ್ತಿದ್ದಾಗ ಜರ್ಮನರಿಗೆ ತಮ್ಮ ಕೊರತೆ ಅರಿವಾಯಿತು. ಬವೇರಿಯದಲ್ಲಿ ಸ್ಕೀ ದಳಗಳು ತರಾತುರಿಯಿಂದ ರೂಪುಗೊಂಡವು. 1915ರಲ್ಲಿ ಅವು ‘ಆಲ್ಪೆನ್‌ಕೋರ್’ ಎಂಬ ಪರ್ವತಸೇನೆಯಲ್ಲಿ ಸೇರಿಹೋದವು.

ಗಸ್ತಿನ ಪಂದ್ಯ

ಯುದ್ಧ ಮುಗಿದ ಬಳಿಕ, ಕಲಿತ ವಿದ್ಯೆ ಮರೆಯದಂತೆ ನೋಡಿಕೊಳ್ಳುವ ಕೆಲಸವನ್ನು ಪಂದ್ಯಗಳು ವಹಿಸಿಕೊಂಡವು. ಅವುಗಳಲ್ಲಿ ಮುಖ್ಯವಾದುದು ‘ಸೈನಿಕ ಗಸ್ತು’ ಎಂಬ ಪಂದ್ಯ. ಒಬ್ಬ ಅಧಿಕಾರಿ, ಒಬ್ಬ ಕಿರಿಯ ನಾಯಕ, ಇಬ್ಬರು ಸಾಮಾನ್ಯ ಸಿಪಾಯಿಗಳು—ಹೀಗೆ ನಾಲ್ವರ ತಂಡ. ಬೆನ್ನಿನ ಮೇಲೆ ಹೊರೆ, ಹೆಗಲಲ್ಲಿ ಕೋವಿ. 25 ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚಿನ ಹಾದಿ. ನಡುವೆ ಗುರಿ ಹೊಡೆಯಬೇಕು. ತಂಡವು ಒಟ್ಟಾಗಿ ಹೊರಟು ಒಟ್ಟಾಗಿಯೇ ಮುಗಿಸಬೇಕು. ಒಬ್ಬನು ಗಾಳಿಯಂತೆ ಓಡಿದರೂ ಫಲವಿಲ್ಲ; ಎಲ್ಲರಿಗಿಂತ ದುರ್ಬಲನಾದವನ ವೇಗವೇ ತಂಡದ ವೇಗ.

1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ ಈ ಪಂದ್ಯವಿತ್ತು. ಆರು ತಂಡಗಳಲ್ಲಿ ಎರಡು ಹಾದಿಯಲ್ಲೇ ಕೈಬಿಟ್ಟವು, ಸ್ವಿಟ್ಜರ್ಲೆಂಡ್ ಗೆದ್ದಿತು. ಮಹಾಯುದ್ಧದ ಕಾರಣ ಜರ್ಮನಿಗೆ ಆ ಕೂಟಕ್ಕೆ ಆಹ್ವಾನವಿರಲಿಲ್ಲ. 1936ರಲ್ಲಿ ಜರ್ಮನಿಯೇ ಆತಿಥೇಯವಾಯಿತು. ಬವೇರಿಯದ ಗಾರ್ಮಿಶ್–ಪಾರ್ಟೆನ್‌ಕಿರ್ಖೆನ್‌ನಲ್ಲಿ, ಹಿಟ್ಲರನ ಆಡಳಿತವು ತನ್ನ ಬಲವನ್ನು ಜಗತ್ತಿಗೆ ಮೆರೆಸಲು ಹವಣಿಸುತ್ತಿದ್ದ ಕಾಲದಲ್ಲಿ, ಗಸ್ತಿನ ಪಂದ್ಯವೂ ಪ್ರದರ್ಶನವಾಗಿ ನಡೆಯಿತು. ಗೆದ್ದವರು ಇಟಲಿಯ ಪರ್ವತಸೈನಿಕರು. ಆತಿಥೇಯರಿಗೆ ಸಿಕ್ಕಿದುದು ಐದನೆಯ ಸ್ಥಾನ.

ಐದು ವರ್ಷಗಳಲ್ಲಿ ಇದಕ್ಕಿಂತ ಕಠೋರವಾದ ಪರೀಕ್ಷೆ ಬಂದಿತು. 1941ರ ಚಳಿಗಾಲದಲ್ಲಿ ಮಾಸ್ಕೋದ ಬಳಿ ಜರ್ಮನ್ ಸೈನ್ಯ ಹಿಮದಲ್ಲಿ ಸಿಕ್ಕಿಬಿದ್ದಾಗ ಲಕ್ಷಾಂತರ ಸಿಪಾಯಿಗಳಿಗೆ ತಕ್ಕ ಉಡುಪೇ ಇರಲಿಲ್ಲ. ಆ ಡಿಸೆಂಬರಿನಲ್ಲಿ ಸರಕಾರವು ಮನೆಮನೆಯಿಂದ ಉಣ್ಣೆಬಟ್ಟೆ, ತುಪ್ಪುಳಿನ ಅಂಗಿ, ಸ್ಕೀಗಳನ್ನು ಬೇಡಿ ಕೂಡಿಸಬೇಕಾಯಿತು. ನುರಿತ ಪರ್ವತದಳಗಳು ಆ ಸೈನ್ಯದಲ್ಲಿ ಇರಲಿಲ್ಲವೆಂದಲ್ಲ. ಆದರೆ ಆರಿಸಿದ ಕೆಲವರ ನೈಪುಣ್ಯವು ಇಡೀ ಸೈನ್ಯದ ಸಿದ್ಧತೆಯಾಗಲಾರದು. ಪ್ರತ್ಯೇಕ ಸ್ಕೀ ಬ್ರಿಗೇಡೊಂದನ್ನು ಜರ್ಮನರು ರಚಿಸಿದುದು 1943ರಲ್ಲಿ. ಪಂದ್ಯವು ಕೆಲವರು ಏನು ಮಾಡಬಲ್ಲರೆಂಬುದನ್ನು ತೋರಿಸುತ್ತದೆ. ಎಲ್ಲರೂ ಏನು ಮಾಡಬಲ್ಲರೆಂಬುದನ್ನು ತೋರಿಸುವುದು ಶಾಲೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ದೇಶದ ಕಡೆಗೆ ತಿರುಗೋಣ.

ಕೊಡಗಿನಿಂದ ಗುಲ್‌ಮಾರ್ಗಿಗೆ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಹುಟ್ಟಿದರು. ಕಾಫಿ, ಏಲಕ್ಕಿ, ಬಿಡದೆ ಸುರಿಯುವ ಮಳೆ ಇವು ಆ ನಾಡಿನ ಲಕ್ಷಣಗಳು, ಹಿಮ ಅಲ್ಲಿಲ್ಲ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಸೈನಿಕಶಿಕ್ಷಣ ಪಡೆದು 1926ರಲ್ಲಿ ಅಧಿಕಾರಿಯಾದ ಅವರು, 1948ರಲ್ಲಿ ಮೇಜರ್ ಜನರಲ್ ಆಗಿ ಕಾಶ್ಮೀರದಲ್ಲಿ 19ನೆಯ ಕಾಲ್ದಳ ಡಿವಿಜನ್ನಿನ ನಾಯಕತ್ವ ವಹಿಸಿದ್ದರು.

ಆ ವರ್ಷ ಲಡಾಖಿನ ದಾರಿಗೆ ಬಾಗಿಲಿನಂತಿರುವ ಜೋಜಿಲಾ ಕಣಿವೆ ಶತ್ರುಗಳ ವಶದಲ್ಲಿತ್ತು. ಅದರ ಎತ್ತರ ಸುಮಾರು 11,500 ಅಡಿ. ಚಳಿಗಾಲ ಬಲಿತು ಹಿಮ ಬಿದ್ದರೆ ಕಣಿವೆ ಮುಚ್ಚಿಹೋಗುವುದು. ಆಚೆಗಿರುವ ಲೇಹ್ ಪಟ್ಟಣ ಒಂಟಿಯಾಗುವುದು. ತಿಮ್ಮಯ್ಯನವರು ಯಾರೂ ಊಹಿಸದ ಉಪಾಯವನ್ನು ಹೂಡಿದರು. 7ನೆಯ ಲಘು ಅಶ್ವದಳದ ಟ್ಯಾಂಕುಗಳ ಗೋಪುರಗಳನ್ನು ಬಿಚ್ಚಿ, ಗುರುತು ಸಿಕ್ಕದಂತೆ ಮುಚ್ಚಿ ಕಾಶ್ಮೀರಕ್ಕೆ ತರಿಸಿದರು. ಹೇಸರಗತ್ತೆಗಳು ನಡೆಯುವ ಕಾಲುದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲಮಾಡಿಕೊಟ್ಟವರು, ಬೆಂಗಳೂರನ್ನು ಕೇಂದ್ರವಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯ ಯೋಧರು. ನವೆಂಬರ್ 1ರಂದು, ಹಿಮದ ನಡುವೆಯೇ, ಟ್ಯಾಂಕುಗಳು ಕಣಿವೆಯನ್ನು ಏರಿದವು, ದಾರಿ ತೆರೆಯಿತು. ಅದೇ ತಿಂಗಳಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಭಾರತದ ವಶಕ್ಕೆ ಮರಳಿದವು.

ದಾರಿ ಗೆದ್ದುದಾಯಿತು, ಅದನ್ನು ಕಾಯುವುದು ಹೇಗೆ? ಬಯಲುಸೀಮೆಯಿಂದ, ಕಡಲತೀರದಿಂದ ಬಂದ ಸಿಪಾಯಿಗಳು ವರ್ಷದ ಅರ್ಧಭಾಗ ಹಿಮದಲ್ಲೇ ಇರಬೇಕಾದ ಕಾಲ ಬಂದಿತ್ತು. 1948ರ ಡಿಸೆಂಬರಿನಲ್ಲಿ ತಿಮ್ಮಯ್ಯನವರು ತಮ್ಮ ಡಿವಿಜನ್ನಿಗಾಗಿ ಗುಲ್‌ಮಾರ್ಗಿನಲ್ಲಿ ಒಂದು ಸ್ಕೀ ಶಾಲೆಯನ್ನು ತೆರೆದರು. ಸುಮಾರು 8,700 ಅಡಿ ಎತ್ತರದ ಆ ಹುಲ್ಲುಗಾವಲಿನ ಇಳಿಜಾರುಗಳು ಸ್ಕೀಗೆ ಹೊಸವೇನೂ ಆಗಿರಲಿಲ್ಲ. 1927ರಲ್ಲಿಯೇ ಬ್ರಿಟಿಷ್ ಅಧಿಕಾರಿಗಳು ಅಲ್ಲಿ ಭಾರತದ ಸ್ಕೀ ಸಂಘವನ್ನು ಸ್ಥಾಪಿಸಿ ರಜೆಯ ದಿನಗಳಲ್ಲಿ ಜಾರಿ ನಲಿಯುತ್ತಿದ್ದರು. ದೊರೆಗಳ ವಿನೋದವಾಗಿದ್ದುದು ಈಗ ಸಾಮಾನ್ಯ ಸಿಪಾಯಿಯ ಪಾಠವಾಯಿತು. ಈ ಶಾಲೆ ಬೆಳೆಯುತ್ತ ಹೋಗಿ 1962ರ ಏಪ್ರಿಲ್‌ನಲ್ಲಿ ‘ಉನ್ನತ ಪ್ರದೇಶ ಯುದ್ಧಶಾಲೆ’ ಎಂಬ ಹೆಸರಿನಿಂದ ಸೈನ್ಯದ ಪ್ರಥಮ ದರ್ಜೆಯ ಶಿಕ್ಷಣಸಂಸ್ಥೆಯಾಯಿತು. ಚಳಿಗಾಲದಲ್ಲಿ ಗುಲ್‌ಮಾರ್ಗಿನಲ್ಲಿ ಹಿಮದ ಪಾಠ, ಬೇಸಗೆಯಲ್ಲಿ ಸೋನಾಮಾರ್ಗಿನಲ್ಲಿ ಪರ್ವತದ ಪಾಠ. ಅನ್ಯದೇಶಗಳ ಸೈನಿಕರೂ ಅಲ್ಲಿಗೆ ಬಂದು ಕಲಿತಿದ್ದಾರೆ. ತಿಮ್ಮಯ್ಯನವರು 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದು, 1965ರ ಡಿಸೆಂಬರ್ 18ರಂದು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿರುವಾಗಲೇ ತೀರಿಕೊಂಡರು.

ಶತ್ರುವಿಗಿಂತ ಹಿಮ ಕ್ರೂರ

ಇಂಥ ಶಾಲೆಯಲ್ಲಿ ಜಾರುವುದನ್ನು ಕಲಿಸಿದರೆ ಸಾಲದು. ಹಿಮವನ್ನು ಓದುವುದನ್ನೂ ಕಲಿಸಬೇಕು. ಚಳಿಗಾಲದಲ್ಲಿ ಬೀಳುವ ಹಿಮ ಒಂದೇ ಮುದ್ದೆಯಾಗಿರುವುದಿಲ್ಲ. ಒಂದೊಂದು ಬೀಳುವಿಕೆಯೂ ಒಂದೊಂದು ಪದರವಾಗುತ್ತದೆ. ಬಿಸಿಲು, ಗಾಳಿ, ಚಳಿಗಳಿಂದ ಕೆಲವು ಪದರಗಳು ಗಟ್ಟಿಯಾಗುತ್ತವೆ. ಕೆಲವು ಸಕ್ಕರೆಯ ಹರಳಿನಂತೆ ಸಡಿಲವಾಗುತ್ತವೆ. ಸಡಿಲ ಪದರದ ಮೇಲೆ ಭಾರವಾದ ಹೊಸ ಹಿಮ ಕುಳಿತಾಗ ಅಪಾಯ ಹೊಂಚುಹಾಕುತ್ತದೆ. 30ರಿಂದ 45 ಡಿಗ್ರಿಯವರೆಗಿನ ಇಳಿಜಾರುಗಳಲ್ಲಿ ಒಬ್ಬ ಮನುಷ್ಯನ ಭಾರವೇ ಸಾಕು, ಮೇಲಿನ ಹಾಸು ಬಿರಿದು ಇಡೀ ಗುಡ್ಡದ ಮುಖವೇ ಕೆಳಗೆ ಧುಮುಕುತ್ತದೆ. ಇದೇ ಹಿಮಪ್ರಪಾತ. ಇದರಲ್ಲಿ ಹೂತುಹೋದವರನ್ನು ಮೊದಲ ಹದಿನೈದು ನಿಮಿಷಗಳಲ್ಲಿ ಹೊರತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಆ ಮೇಲೆ ಬದುಕುವ ಸಂಭವ ವೇಗವಾಗಿ ಕುಸಿಯುತ್ತದೆ.

1916ರ ಡಿಸೆಂಬರ್ 13ರಂದು ಆಲ್ಪ್ಸ್‌ನ ಮಾರ್ಮೊಲಾಡ ಪರ್ವತದಲ್ಲಿ ಇಂಥ ಪ್ರಪಾತವೊಂದು ಆಸ್ಟ್ರಿಯ–ಹಂಗರಿಯ ಬಿಡಾರದ ಮೇಲೆ ಬಿದ್ದು ಇನ್ನೂರಕ್ಕೂ ಹೆಚ್ಚು ಸೈನಿಕರನ್ನು ಕೊಂದಿತು. ಪಾಲ್ಕೆಯವರು ತಮ್ಮ ಉತ್ತರಾಯುಷ್ಯವನ್ನು ಹಿಮದ ಪದರಗಳ ಅಧ್ಯಯನಕ್ಕೇ ಮೀಸಲಿಟ್ಟು ಈ ಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರಾದರು. ಶಾಸ್ತ್ರ ತಿಳಿದವರನ್ನೂ ಹಿಮ ಬಿಡುವುದಿಲ್ಲ. 2010ರ ಫೆಬ್ರುವರಿ 8ರಂದು ಗುಲ್‌ಮಾರ್ಗಿನ ಮೇಲಿನ ಖಿಲನ್‌ಮಾರ್ಗಿನಲ್ಲಿ ತರಬೇತಿ ಪಡೆಯುತ್ತಿದ್ದ ತಂಡದ ಮೇಲೆಯೇ ಪ್ರಪಾತ ಉರುಳಿ 17 ಯೋಧರು ಮಡಿದರು.

2016ರ ಫೆಬ್ರುವರಿ 3ರ ಘಟನೆ ಕನ್ನಡನಾಡಿನ ಮನೆಮನೆಯನ್ನೂ ತಟ್ಟಿತು. ಸಿಯಾಚಿನ್ ಹಿಮನದಿಯ ಮೇಲೆ, ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣ್ಯದ ಮೇಲೆ ಹಿಮದ ಗೋಡೆ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಆರನೆಯ ದಿನ, ಸುಮಾರು 25 ಅಡಿ ಆಳದಲ್ಲಿ, ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಂತವಾಗಿ ಸಿಕ್ಕರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರು ಅವರ ಊರು. ಅದೂ ಮುನವಳ್ಳಿಯ ಸುತ್ತಲಿನಂತೆ ಎರೆಮಣ್ಣಿನ ಸೀಮೆಯೇ. ಫೆಬ್ರುವರಿ 11ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಉಳಿದ ಒಂಬತ್ತು ಮಂದಿಯಲ್ಲಿಯೂ ಕನ್ನಡಿಗರಿದ್ದರು. ಹಿಮವನ್ನು ಕಾಣದೆ ಬೆಳೆದ ನಮ್ಮ ಹಳ್ಳಿಗಳ ಹುಡುಗರು ಅಂಥ ಎತ್ತರಗಳಲ್ಲಿ ಕಾವಲು ನಿಲ್ಲುತ್ತಾರೆ. ಅವರಿಗೆ ಹಿಮದ ವಿದ್ಯೆ ಎಷ್ಟು ಆಳವಾಗಿ ದೊರೆಯುತ್ತದೆಯೋ ಅಷ್ಟರಮಟ್ಟಿಗೆ ಅವರ ಪ್ರಾಣಕ್ಕೆ ಕಾವಲು.

ಹೃದಯ ಮತ್ತು ಗುರಿ

ಎರಡನೆಯ ಮಹಾಯುದ್ಧದ ಬಳಿಕ ಗಸ್ತಿನ ಪಂದ್ಯವು ರೂಪ ಬದಲಿಸಿತು. 1948ರ ಒಲಿಂಪಿಕ್ಸ್‌ನಲ್ಲಿ ಕೊನೆಯ ಬಾರಿ ಪ್ರದರ್ಶನಗೊಂಡು, ಆ ಮೇಲೆ ‘ಬಯಾಥ್ಲಾನ್’ ಎಂಬ ಸಾರ್ವಜನಿಕ ಕ್ರೀಡೆಗೆ ಎಡೆಮಾಡಿಕೊಟ್ಟಿತು. ಇದರಲ್ಲಿ ತಂಡದ ಬದಲು ಒಬ್ಬೊಬ್ಬನೂ ಸ್ಕೀಗಳ ಮೇಲೆ ಓಡಿ, ನಡುನಡುವೆ ನಿಂತು ಗುರಿ ಹೊಡೆಯುತ್ತಾನೆ. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಇಪ್ಪತ್ತಕ್ಕೆ ಇಪ್ಪತ್ತು ಗುರಿಗಳನ್ನೂ ಹೊಡೆದು ಗೆದ್ದನು. ಅವನಿಗಿಂತ ಬಹಳ ವೇಗವಾಗಿ ಓಡಿದ ಫ್ರಾನ್ಸಿನ ಸ್ಪರ್ಧಿ ಗುರಿಗಳಲ್ಲಿ ಬಹುಪಾಲನ್ನು ತಪ್ಪಿಸಿ ಎಷ್ಟೋ ಹಿಂದೆ ಉಳಿದನು.

ಇಲ್ಲಿಯ ಕಷ್ಟ ಶರೀರಶಾಸ್ತ್ರದ್ದು. ಓಡಿಬಂದವನ ಹೃದಯ ನಿಮಿಷಕ್ಕೆ 170ರಷ್ಟು ಸಲ ಬಡಿಯುತ್ತಿರುತ್ತದೆ. ಒಂದೊಂದು ಬಡಿತವೂ ತೋಳಿನ ರಕ್ತನಾಳಗಳ ಮೂಲಕ ಕೋವಿಯನ್ನು ನಡುಗಿಸುತ್ತದೆ. ಒಂದೊಂದು ಉಸಿರೂ ಅದರ ಮೂತಿಯನ್ನು ಏರಿಳಿಸುತ್ತದೆ. 50 ಮೀಟರ್ ದೂರದಲ್ಲಿರುವ ಗುರಿಯ ಅಡ್ಡಳತೆ, ಮಲಗಿ ಹೊಡೆಯುವಾಗ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಮಿಲಿಮೀಟರ್. ನುರಿತವನು ಅಂಗಳಕ್ಕೆ ಬರುವ ಮುನ್ನವೇ ಓಟವನ್ನು ತುಸು ತಗ್ಗಿಸಿ, ಉಸಿರು ಹೊರಬಿಟ್ಟ ಬಳಿಕದ ಸಣ್ಣ ಬಿಡುವಿನಲ್ಲಿ ಕುದುರೆಯನ್ನು ಒತ್ತುತ್ತಾನೆ. ತಪ್ಪಿದ ಒಂದೊಂದು ಗುಂಡಿಗೂ ಪಂದ್ಯದ ಬಗೆಗೆ ತಕ್ಕಂತೆ ಒಂದು ನಿಮಿಷದ ದಂಡ ಅಥವಾ 150 ಮೀಟರಿನ ಹೆಚ್ಚುವರಿ ಸುತ್ತು. 1978ರಿಂದ ಸೈನ್ಯದ ದೊಡ್ಡ ಕೋವಿಯ ಸ್ಥಾನಕ್ಕೆ ಸಣ್ಣ ಗುಂಡಿನ ಹಗುರ ಕೋವಿ ಬಂದು, ಕ್ರೀಡೆ ಸೈನ್ಯದಿಂದ ಇನ್ನಷ್ಟು ದೂರ ಸರಿಯಿತು. 1992ರಲ್ಲಿ ಮಹಿಳೆಯರಿಗೂ ಒಲಿಂಪಿಕ್ಸ್‌ನಲ್ಲಿ ಇದರ ಬಾಗಿಲು ತೆರೆಯಿತು.

ಆದರೂ ಜರ್ಮನಿಯಲ್ಲಿ ಸೈನ್ಯ ಮತ್ತು ಸ್ಕೀಯ ನಂಟು ಬಿಡಲಿಲ್ಲ. ಪೂರ್ವ ಜರ್ಮನಿಯ ಸೈನ್ಯಕ್ಕೆ ಓಬರ್‌ಹೋಫ್‌ನಲ್ಲಿ ತನ್ನದೇ ಕ್ರೀಡಾಸಂಘವಿತ್ತು. ಅಲ್ಲಿ ಪಳಗಿದ ಫ್ರಾಂಕ್ ಉಲ್ರಿಖ್ 1980ರಲ್ಲಿ ಒಲಿಂಪಿಕ್ ಚಿನ್ನ ಗೆದ್ದನು. ಪಶ್ಚಿಮ ಜರ್ಮನಿಯ ಸಂಸತ್ತು 1968ರಲ್ಲಿ ಉತ್ತಮ ಕ್ರೀಡಾಪಟುಗಳಿಗೆ ಸೈನ್ಯದಲ್ಲಿ ಆಶ್ರಯ ಕೊಡಲು ನಿರ್ಣಯಿಸಿತು. ಹಳೆಯ ಗಸ್ತಿನ ಪಂದ್ಯವೂ ಅಳಿದಿಲ್ಲ: 2010ರಲ್ಲಿ ಇಟಲಿಯಲ್ಲಿ ಆರಂಭವಾದ ವಿಶ್ವ ಸೈನಿಕ ಚಳಿಗಾಲದ ಕ್ರೀಡಾಕೂಟದಲ್ಲಿ ಅದಕ್ಕೆ ಮತ್ತೆ ಜಾಗ ದೊರೆಯಿತು.

ಗುಲ್‌ಮಾರ್ಗಿನ ಶಾಲೆಯೂ ಓಟಗಾರರನ್ನು ಕೊಟ್ಟಿದೆ. ಭಾರತೀಯ ಸೈನ್ಯದ ಜಗದೀಶ್ ಸಿಂಗ್ 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ 15 ಕಿಲೋಮೀಟರ್ ಸ್ಕೀ ಓಟದಲ್ಲಿ ಭಾಗವಹಿಸಿದರು. 2020ರಿಂದ ‘ಖೇಲೋ ಇಂಡಿಯಾ’ ಚಳಿಗಾಲದ ಕ್ರೀಡಾಕೂಟ ನಡೆಯುತ್ತಿದೆ. 2024ರ ಕೂಟದಲ್ಲಿ ಸೈನ್ಯ ಮೊದಲ ಸ್ಥಾನ ಗಳಿಸಿತು. ಎರಡನೆಯ ಸ್ಥಾನ ಯಾವ ಹಿಮಾಲಯ ರಾಜ್ಯಕ್ಕೂ ಹೋಗದೆ ಕರ್ನಾಟಕಕ್ಕೆ ಬಂದಿತು! ಸ್ಕೀ ಓಟಗಳಲ್ಲಿ ಚಿನ್ನ ತಂದವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ, ತಿಮ್ಮಯ್ಯನವರ ನಾಡಿನವರೇ.

ಹಿಮದ ಮೇಲೆ ನಡೆಯುವುದು ಹುಟ್ಟಿನಿಂದ ಬರುವ ಗುಣವೆಂದು ತಿಳಿಯುವುದು ಸುಲಭ. ನಾರ್ವೆಯವನಿಂದ ಜರ್ಮನನು ಕಲಿತನು, ಕೊಡಗಿನವರು ಹೊತ್ತಿಸಿದ ದೀಪದಿಂದ ಭಾರತದ ಸಿಪಾಯಿ ಕಲಿತನು. ಕಲಿಯದೆ ಹೋದಾಗ 1941ರ ಜರ್ಮನ್ ಸೈನ್ಯದಂಥ ಬಲಾಢ್ಯ ಸೈನ್ಯವೂ ಚಳಿಗೆ ನಲುಗಿತು. ಪಂದ್ಯದಲ್ಲಿ ಗೆದ್ದವನ ಕೊರಳಿಗೆ ಪದಕ ಬೀಳುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ; ಅದು ಯುಕ್ತವೇ. ಅದೇ ಹೊತ್ತಿನಲ್ಲಿ, ಯಾವ ಪದಕದ ಆಸೆಯೂ ಇಲ್ಲದೆ, ಮುಂದಿನ ಹೆಜ್ಜೆಯನ್ನು ಯಾವ ಹಿಮದ ಮೇಲೆ ಇಡಬೇಕು, ಯಾವುದರ ಮೇಲೆ ಇಡಬಾರದು ಎಂಬ ಪಾಠವನ್ನು ಗುಲ್‌ಮಾರ್ಗಿನ ಇಳಿಜಾರಿನಲ್ಲಿ ಯಾವನೋ ಒಬ್ಬ ಹಳ್ಳಿಯ ಹುಡುಗನು ಕಲಿಯುತ್ತಿರುತ್ತಾನೆ.